ಕುತ್ತಿಗೆಯಲ್ಲಿ ಮುರಿದ ಸೂಜಿ

ಲ್ಯಾಡಿ ಕುಚೇರಾ ಸುಳ್ಳು ಹೇಳುವ ಮನುಷ್ಯನಲ್ಲ ಎಂದು ಇಡೀ ಕೌಂಟಿ ನಂಬಿತ್ತು. ಅದೇ ದೊಡ್ಡ ಕೇಡಾಯಿತು. ಆಗೊಮ್ಮೆ ಈಗೊಮ್ಮೆ ಸಣ್ಣಪುಟ್ಟ ಸುಳ್ಳು ಹೇಳಿ ಸಿಕ್ಕಿಬೀಳುವ ಆಸಾಮಿಯಾಗಿದ್ದಿದ್ದರೆ, ಜೂನ್ ತಿಂಗಳ ಆ ಬೆಳಿಗ್ಗೆ ಅವನು ಹೇಳಿದ ಮಾತನ್ನು ಮೊಮ್ಮಗಳು ತೆಸ್ಸಾ ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಿರಲಿಲ್ಲ.

ಬೆಳಿಗ್ಗೆ ಎದ್ದಾಗಿನಿಂದ ಗಸ್ ಕೆಮ್ಮುತ್ತಿತ್ತು. ಗಸ್ ಎಂದರೆ ತೆಸ್ಸಾಳ ಹೋರಿ. ಕಡುಕಪ್ಪು ಮೈ, ಹಲಗೆಯಂಥ ಬೆನ್ನು. ಹಿಂದಿನ ವರ್ಷ ತಾಯಿಯ ಹಾಲು ಬಿಡಿಸಿದ ದಿನದಿಂದ ಅವಳೇ ಮೇವು ಹಾಕಿ, ಮೈ ಉಜ್ಜಿ, ಹಗ್ಗ ಹಿಡಿದು ನಡೆಸಿ ಪಳಗಿಸಿದ್ದಳು. ಚಿಕ್ಕಂದಿನಲ್ಲೇ ಬೀಜ ತೆಗೆಸಿ, ಮಾಂಸಕ್ಕೆಂದೇ ಬೆಳೆಸಿದ ಪ್ರಾಣಿ ಅದು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ನೆಬ್ರಾಸ್ಕಾ ರಾಜ್ಯದ ಆ ಮರಳುಗುಡ್ಡಗಳ ಮಕ್ಕಳು ಅದಕ್ಕೆಲ್ಲ ಅತ್ತು ಕರೆದು ಮಾಡುವವರೂ ಅಲ್ಲ. ಅವರಿಗೆ ಅಳು ಬರುವುದು ಸೋತಾಗ ಮಾತ್ರ.

ಸೋಲುಗೆಲುವಿಗೆ ಆಗಸ್ಟಿನಲ್ಲಿ ಕೌಂಟಿ ಮೇಳವಿತ್ತು. ದನ ಸಾಕುವ ಮಕ್ಕಳ ಸ್ಪರ್ಧೆಯೇ ಆ ಮೇಳದ ಜೀವ. ಮೊದಲು ಹೋರಿಯನ್ನು ಅಂಗಳದಲ್ಲಿ ನಡೆಸಿ ತೋರಿಸಬೇಕು. ಆಮೇಲೆ ಸಾಲು ಮೇಜುಗಳ ಮುಂದೆ ನಿಂತು ಮೇವು ಯಾವುದು, ಮಾಂಸದ ಈ ತುಂಡು ಯಾವ ಭಾಗದ್ದು, ಈ ಔಷಧ ಎಲ್ಲಿಗೆ ಚುಚ್ಚುವುದು ಎಂದು ಹೇಳಬೇಕು. ಕೊನೆಗೆ ಅಂಗಡಿಯಲ್ಲಿ ಮಾಂಸ ಕೊಳ್ಳಲು ಬಂದ ಗಿರಾಕಿಯ ಹಾಗೆ ನಟಿಸುವ ಅಪರಿಚಿತರಿಗೆ ಉತ್ತರ ಕೊಡಬೇಕು. ಮೂರರಲ್ಲೂ ಸೇರಿಸಿ ಗೆದ್ದವರಿಗೆ ಸೊಂಟಪಟ್ಟಿಯ ಬೆಳ್ಳಿ ಬಿಲ್ಲೆ, ರಾಜ್ಯ ಮಟ್ಟದ ಸ್ಪರ್ಧೆಗೆ ದಾರಿ. ಗೆದ್ದ ಹೋರಿಯನ್ನು ಕಾಳಿನ ಮಂಡಿಯವರು ಕೊಂಡು ಅಗ್ನಿಶಾಮಕ ದಳದ ಊಟಕ್ಕೆ ದಾನ ಕೊಡುವುದು ವಾಡಿಕೆ. ಇಡೀ ಊರು ಕೂತು ಉಣ್ಣುವ ಊಟ ಅದು. ಹದಿನಾರರ ತೆಸ್ಸಾಗೆ ಆ ಬಿಲ್ಲೆ ಬೇಕಾಗಿತ್ತು. ಹೋದ ವರ್ಷ ಕೂದಲೆಳೆಯಲ್ಲಿ ಕೈತಪ್ಪಿತ್ತು.

ಹಾಗಾಗಿ ಗಸ್ ಕೆಮ್ಮಿದ ಕೂಡಲೇ ಅವಳು ಅಜ್ಜನನ್ನು ಕರೆದಳು. ಕರೆಯಬೇಕಾದವನೂ ಅವನೇ. ಆ ಕೌಂಟಿಯಲ್ಲಿ ದನಕ್ಕೆ ಸೂಜಿ ಹಾಕಲು ಬರುವವರೆಲ್ಲ ಲ್ಯಾಡಿಯಿಂದಲೇ ಕಲಿತವರು. ಹೋರಿಯನ್ನು ಕಬ್ಬಿಣದ ಕಟಕಟೆಗೆ ನುಗ್ಗಿಸಿ ಕತ್ತು ಸಿಕ್ಕಿಸಿದ್ದಾಯಿತು. ಸಿರಿಂಜಿಗೆ ಔಷಧ ಎಳೆದದ್ದಾಯಿತು. ಮೊದಲ ಸಲ ಚುಚ್ಚುವಾಗ ಗಸ್ ಪಕ್ಕಕ್ಕೆ ವಾಲಿತು.

"ಅಜ್ಜ, ಸೂಜಿ ಬಗ್ಗಿದೆ," ಎಂದಳು ತೆಸ್ಸಾ.

"ಬಗ್ಗಿದ್ರೆ ನೆಟ್ಟಗೆ ಮಾಡಿದ್ರಾಯ್ತು."

"ಬೇರೆ ತಗೊಂಬರ್ತೀನಿ ಇರು. ಡಬ್ಬ ಮನೇಲಿದೆ."

"ಒಂದು ಸೂಜಿಗೋಸ್ಕರ ಅಲ್ಲೀವರೆಗೂ ಓಡ್ತೀಯಾ? ಅಲ್ಲೀತನಕ ಇದನ್ನ ಹಿಡ್ಕೊಂಡು ನಿಂತಿರೋನ್ಯಾರು, ನಿಮ್ಮಜ್ಜನಾ?" ತನ್ನ ತಮಾಷೆಗೆ ತಾನೇ ನಕ್ಕ.

ನಗುತ್ತಲೇ ಸೂಜಿಯನ್ನು ಕಟಕಟೆಯ ಕಂಬಿಗೆ ಒತ್ತಿ, ಹೆಬ್ಬೆರಳಿನಿಂದ ನೆಟ್ಟಗೆ ಮಾಡಿದ. ಬಗ್ಗಿದ ಸೂಜಿಯನ್ನು ನೆಟ್ಟಗೆ ಮಾಡಿ ಬಳಸಬೇಡಿ ಎಂದು ಊರಿನ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದವನೂ ಇವನೇ. ತೆಸ್ಸಾ ಹೋರಿಯ ಹಗ್ಗ ಬಿಗಿಹಿಡಿದಳು. ಇವನಿಗೆ ಹೇಳಿಕೊಡುವುದೇ, ಅದೂ ತಾನು? ಲ್ಯಾಡಿ ಎರಡನೇ ಸಲ ಚುಚ್ಚಿದ. ಗಸ್ ತಲೆ ಝಾಡಿಸಿತು. ಟಕ್ ಎಂದು ಸಣ್ಣ ಸದ್ದಾಯಿತು. ಲ್ಯಾಡಿಯ ಕೈಯಲ್ಲಿದ್ದ ಸಿರಿಂಜಿನ ತುದಿಯಲ್ಲಿ ಸೂಜಿಯ ಬುಡ ಮಾತ್ರ ಉಳಿದಿತ್ತು.

ಲ್ಯಾಡಿ ಹೋರಿಯ ಕುತ್ತಿಗೆಯನ್ನು ಬೆರಳಿನಿಂದ ಒತ್ತೊತ್ತಿ ನೋಡಿದ. ಕಾಲಡಿಯ ಹುಲ್ಲನ್ನು ಕೆದಕಿದ.

"ನೀನು ಹೋಗಿ ಒಂದು ಬಕೆಟ್ ನೀರು ತಗೊಂಬಾ," ಎಂದ.

ಅವಳು ನೀರು ತರುವಷ್ಟರಲ್ಲಿ ಅಜ್ಜ ಎದ್ದು ನಿಂತು ಮೊಣಕಾಲಿನ ಧೂಳು ಕೊಡವುತ್ತಿದ್ದ.

"ಸಿಕ್ತು ಕಣೇ. ಹುಲ್ಲಲ್ಲೇ ಬಿದ್ದಿತ್ತು."

"ಎಲ್ಲಿ? ತೋರ್ಸು."

"ಎಸೆದೆ. ದನದ ಕಾಲಿಗೆ ಚುಚ್ಕೊಂಡೀತು ಅಂತ ಅಲ್ಲಿ ಹಳ್ಳಕ್ಕೆ ಎಸೆದ್ಬಿಟ್ಟೆ."

ಬಳಸಿದ ಸೂಜಿಗಳನ್ನು ಹಾಕಲು ಕಾಫಿಪುಡಿಯ ಹಳೇ ಡಬ್ಬಿಯೊಂದು ಕಂಬಕ್ಕೆ ನೇತುಬಿದ್ದಿತ್ತು. ಅಜ್ಜನ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಇಷ್ಟು ವರ್ಷಗಳಲ್ಲಿ ಅವನು ಒಂದು ಸೂಜಿಯನ್ನೂ ಬೇರೆಡೆ ಎಸೆದದ್ದನ್ನು ತೆಸ್ಸಾ ಕಂಡಿರಲಿಲ್ಲ. ಆದರೂ ನಂಬಿದಳು. ನಂಬುವುದು ಅವಳಿಗೆ ಬೇಕೂ ಆಗಿತ್ತು. ಸೂಜಿ ಒಳಗಿದ್ದರೆ ಗಸ್ ಮೇಳಕ್ಕೆ ಹೋಗುವಂತಿಲ್ಲ, ಮಾರುವಂತಿಲ್ಲ, ಅದರ ಮಾಂಸ ಯಾರ ತಟ್ಟೆಗೂ ಬೀಳುವಂತಿಲ್ಲ. ಒಂದು ವರ್ಷದ ದುಡಿಮೆ ನೀರುಪಾಲು. ಜೊತೆಗೆ ಅಜ್ಜನ ವಿಷಯವೂ ಇತ್ತು. ಲ್ಯಾಡಿಗೆ ಕೈ ನಡುಗುತ್ತದೆ, ಸ್ಪರ್ಧೆಯಲ್ಲಿ ವರ್ಷವೂ ಅವನೇ ಅಂಕ ಹಾಕುವ ಇಂಜೆಕ್ಷನ್ ಮೇಜಿಗೆ ಮುಂದಿನ ವರ್ಷದಿಂದ ಬೇರೆ ಯಾರನ್ನಾದರೂ ಕೂರಿಸೋಣ ಎಂದು ಮೇಳದ ಸಮಿತಿಯಲ್ಲಿ ಗುಸುಗುಸು ಎದ್ದಿತ್ತು. ಅದು ಅವನ ಕಿವಿಗೂ ಬಿದ್ದಿತ್ತು.

ಗಸ್‌ನ ಕೆಮ್ಮು ವಾಸಿಯಾಯಿತು. ಮೇವನ್ನು ಮುಂಚಿನ ಹಾಗೇ ತಿಂದಿತು. ತೆಸ್ಸಾ ಪ್ರತಿ ಸಂಜೆ ಮೈ ಉಜ್ಜುವಾಗ ಅವಳ ಕೈ ತಾನಾಗಿಯೇ ಕುತ್ತಿಗೆಯ ಆ ಜಾಗಕ್ಕೆ ಹೋಗುತ್ತಿತ್ತು. ಒಂದು ದಿನ ಅಲ್ಲಿ ಬಟಾಣಿ ಕಾಳಿನಷ್ಟು ಗಂಟು ಸಿಕ್ಕಿತು.

"ಚುಚ್ಚಿದ ಕಡೆ ಗಂಟು ಬರದೆ ಗುಲಾಬಿ ಬರುತ್ತಾ?" ಎಂದ ಅಜ್ಜ, ಮುಖ ನೋಡದೆ.

ಅದೂ ನಿಜವೇ. ಜುಲೈ ಮುಗಿಯುವ ಹೊತ್ತಿಗೆ ಗಂಟು ಮಾಯವಾಯಿತು. ತೆಸ್ಸಾ ಆ ದಿನ ಸಿಳ್ಳೆ ಹಾಕುತ್ತ ಮನೆಗೆ ಬಂದಳು. ಊಟದ ಮಧ್ಯೆ ಇದ್ದಕ್ಕಿದ್ದಂತೆ, ಗಂಟು ಕರಗಿಹೋಯಿತೋ ಅಥವಾ ಅಲ್ಲಿಂದ ಜರುಗಿತೋ ಎಂಬ ಯೋಚನೆ ಬಂದು ಚಮಚ ಕೆಳಗಿಟ್ಟಳು. ಏನಾಯಿತೆಂದು ಅಮ್ಮ ಕಾರ್ಲಾ ಕೇಳಿದರೆ ಹಸಿವಿಲ್ಲ ಎಂದಳು. ಅವತ್ತಿನಿಂದ ಹೋರಿಯನ್ನು ಎಲ್ಲಿ ಮುಟ್ಟಿದರೂ ಅವಳಿಗೆ ಏನೋ ಸಿಕ್ಕಂತಾಗುತ್ತಿತ್ತು, ಮತ್ತೆ ಮುಟ್ಟಿದರೆ ಏನೂ ಇರುತ್ತಿರಲಿಲ್ಲ.

ಮೇಳದಲ್ಲಿ ಗಸ್ ಚೆನ್ನಾಗಿ ನಡೆಯಿತು. ನಿಲ್ಲು ಎಂದಲ್ಲಿ ನಿಂತಿತು. ತೀರ್ಪುಗಾರ ಅದರ ಬೆನ್ನ ಮೇಲೆ ಕೈಯಾಡಿಸಿ ತಲೆದೂಗಿದ. ಮಧ್ಯಾಹ್ನ ಮೇಜುಗಳ ಸರದಿ. ಮೇವು, ಮಾಂಸದ ತುಂಡು ಎಲ್ಲ ತಪ್ಪಿಲ್ಲದೆ ಹೇಳಿ, ತೆಸ್ಸಾ ಇಂಜೆಕ್ಷನ್ ಮೇಜಿಗೆ ಬಂದಳು. ಹುಲ್ಲು ತುಂಬಿ ಹೊಲಿದ ದನದ ಕುತ್ತಿಗೆಯೊಂದನ್ನು ಮೇಜಿನ ಮೇಲಿಟ್ಟುಕೊಂಡು ಲ್ಯಾಡಿ ಕೂತಿದ್ದ. ಸ್ವಂತ ಮೊಮ್ಮಗಳಿಗೆ ಅವನು ಅಂಕ ಹಾಕುವಂತಿರಲಿಲ್ಲ. ಅದಕ್ಕೆ ಪಕ್ಕದ ಕೌಂಟಿಯ ಪಶುವೈದ್ಯೆ ಲೊರೀನ್ ಬಂದಿದ್ದರು. ಅಜ್ಜನ ಕೆಲಸ ಸಿರಿಂಜು ಎತ್ತಿಕೊಡುವುದಷ್ಟೆ.

ತೆಸ್ಸಾ ಕಿವಿಯ ಹಿಂದೆ, ಭುಜಕ್ಕಿಂತ ಮುಂದೆ, ಸರಿಯಾದ ಜಾಗಕ್ಕೆ ಚುಚ್ಚಿ ತೋರಿಸಿದಳು.

"ಸರಿ," ಎಂದರು ಲೊರೀನ್. "ಈಗ ಸೂಜಿ ಒಳಗೇ ಮುರೀತು ಅಂದ್ಕೋ. ಏನ್ಮಾಡ್ತೀಯಮ್ಮ?"

ಮೇಜಿನ ಆಚೆ ಲ್ಯಾಡಿ ಸೂಜಿಗಳ ಮುಚ್ಚಳಗಳನ್ನು ಒಂದರ ಪಕ್ಕ ಒಂದು ಜೋಡಿಸತೊಡಗಿದ.

"ದನವನ್ನ ಅಲ್ಲೇ ಹಿಡಿದಿಟ್ಟು, ಆ ಜಾಗಕ್ಕೆ ಗುರುತು ಹಾಕ್ತೀನಿ ಡಾಕ್ಟ್ರೇ. ಕೂಡ್ಲೇ ಪಶುವೈದ್ಯರನ್ನ ಕರೆಸಿ ತೆಗೆಸ್ತೀನಿ."

"ಸಿಗಲಿಲ್ಲ ಅಂದ್ರೆ?"

"ಆ ದನ ಯಾವತ್ತೂ ಮಾಂಸಕ್ಕೆ ಹೋಗಬಾರದು. ಸೂಜಿ ಇದ್ದಲ್ಲೇ ಇರಲ್ಲ, ಒಳಗೊಳಗೇ ಜರುಗುತ್ತೆ. ಎಲ್ಲಿದೆ ಅಂತ ಯಾರೂ ಹೇಳಕ್ಕಾಗಲ್ಲ."

"ಸೂಜಿ ಮುರಿಯೋದು ಸಾಮಾನ್ಯವಾಗಿ ಯಾಕೆ?"

ತೆಸ್ಸಾ ಅಜ್ಜನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ಮುಚ್ಚಳವೊಂದು ಬೆರಳಿನಿಂದ ಜಾರಿ ಮೇಜಿನ ಕೆಳಗೆ ಉರುಳಿತು.

"ಬಗ್ಗಿದ ಸೂಜಿನ ನೆಟ್ಟಗೆ ಮಾಡಿ ಬಳಸೋದ್ರಿಂದ."

"ಪೂರ್ತಿ ಅಂಕ," ಎಂದು ಲೊರೀನ್ ನಕ್ಕರು. "ಲ್ಯಾಡಿ, ಮೊಮ್ಮಗಳನ್ನ ಚೆನ್ನಾಗಿ ತಯಾರು ಮಾಡಿದ್ದೀರಿ."

"ಹುಡುಗಿ ತಾನೇ ಕಲಿತದ್ದು ಡಾಕ್ಟ್ರೇ," ಎಂದ ಲ್ಯಾಡಿ, ಮುಚ್ಚಳ ಹುಡುಕಲು ಬಗ್ಗಿದವನು ಬಗ್ಗಿಕೊಂಡೇ.

ತೆಸ್ಸಾ ಕೊಟ್ಟಿಗೆಯ ಹಿಂದಕ್ಕೆ ಹೋಗಿ ವಾಂತಿ ಮಾಡಿಕೊಂಡಳು. ಆಮೇಲೆ ಬಾಯಿ ಮುಕ್ಕಳಿಸಿ, ಕೂದಲು ಸರಿಮಾಡಿಕೊಂಡು, ಗಿರಾಕಿಯಂತೆ ನಟಿಸುವ ಹೆಂಗಸಿನ ಮುಂದೆ ಹೋಗಿ ನಿಂತಳು. ಈ ಮಾಂಸವನ್ನು ನನ್ನ ಮಕ್ಕಳಿಗೆ ಧೈರ್ಯವಾಗಿ ತಿನ್ನಿಸಬಹುದೇ ಎಂದು ಆ ಹೆಂಗಸು ಕೇಳಿದಳು. ನಾವು ತಿನ್ನದ್ದನ್ನು ನಾವು ಯಾರಿಗೂ ಮಾರುವುದಿಲ್ಲ ಎಂದಳು ತೆಸ್ಸಾ. ಬೆಂಚುಗಳ ಮೇಲಿದ್ದ ಜನ ಚಪ್ಪಾಳೆ ತಟ್ಟಿದರು. ಬಿಲ್ಲೆ ಅವಳದಾಯಿತು. ಫೋಟೋದಲ್ಲಿ ಅಜ್ಜ, ಮೊಮ್ಮಗಳು, ಹೋರಿ ಮೂವರೂ ಇದ್ದಾರೆ. ಮೂವರಲ್ಲಿ ಕ್ಯಾಮೆರಾ ಕಡೆಗೆ ನೆಟ್ಟಗೆ ನೋಡುತ್ತಿರುವುದು ಹೋರಿ ಮಾತ್ರ.

ಗಸ್‌ನನ್ನು ಕೊಯ್ದು ಕೊಡುವ ಕೆಲಸ ಊರಿನ ಮಾಂಸದಂಗಡಿಯ ಮರ್ವ್‌ನದು. ಅವನ ತಣ್ಣನೆಯ ಕೋಣೆಯಲ್ಲಿ ಮಾಂಸ ತೂಗುಬಿದ್ದಿದ್ದ ಅಷ್ಟು ದಿನವೂ ತೆಸ್ಸಾ ಆ ರಸ್ತೆಯಲ್ಲಿ ಹೋಗಲಿಲ್ಲ. ಹೇಳಬೇಕು ಎಂದುಕೊಳ್ಳುವಳು. ಏನೆಂದು ಹೇಳುವುದು? ಸೂಜಿ ಸಿಕ್ಕಿತು ಎಂದು ಲ್ಯಾಡಿ ಕುಚೇರಾನೇ ಹೇಳಿರುವಾಗ, ಸಿಕ್ಕಿಲ್ಲ ಎನ್ನಲು ಇವಳ ಬಳಿ ಏನಿತ್ತು? ಆ ಸೂಜಿ ಬೀಳದ ಒಂದು ಡಬ್ಬಿ, ಕರಗಿಹೋದ ಒಂದು ಗಂಟು. ಹಾಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು, ಆ ಸಮಾಧಾನವನ್ನು ನಂಬದೆ, ಊಟದ ದಿನದವರೆಗೂ ತಳ್ಳಿದಳು. ಅವತ್ತು ಮಧ್ಯಾಹ್ನ ತಡೆಯಲಾರದೆ ಮರ್ವ್‌ನ ಅಂಗಡಿಗೆ ಹೋದಳು.

"ಮರ್ವ್ ಮಾಮ, ಮಾಂಸದಲ್ಲಿ ಲೋಹ ಇದ್ರೆ ಹಿಡಿಯೋ ಮಷೀನು ನಿಮ್ಮ ಹತ್ರ ಇದ್ಯಾ?"

"ಅದೆಲ್ಲ ದೊಡ್ಡ ಕಾರ್ಖಾನೆಯವರ ಹತ್ರ ಇರತ್ತಮ್ಮ. ನನ್ನ ಹತ್ರ ಇರೋದು ಒಂದು ಚಾಕು, ಎರಡು ಕಣ್ಣು. ಅದ್ರಲ್ಲಿ ಒಂದಕ್ಕೆ ಪೊರೆ. ಯಾಕೆ, ನಿನ್ನ ಹೋರಿ ಮೊಳೆ ಗಿಳೆ ನುಂಗಿತ್ತಾ?"

"ಇಲ್ಲ, ಸುಮ್ನೆ ಕೇಳ್ದೆ."

"ಅಜ್ಜ ಮೊಮ್ಮಗಳು ಇಬ್ರಿಗೂ ಏನೋ ಆಗಿದೆ. ನಿಮ್ಮಜ್ಜ ನಿನ್ನೆ ಬಂದು ಕುತ್ತಿಗೆ ಪೂರ್ತಿ ಕಟ್ಟಿಸ್ಕೊಂಡು ಹೋದ. ನಾಯಿಗಂತೆ."

ಅಜ್ಜನ ನಾಯಿ ಸತ್ತು ಎರಡು ಚಳಿಗಾಲ ಕಳೆದಿತ್ತು. ತೆಸ್ಸಾ ಅಲ್ಲಿಂದ ನೆಟ್ಟಗೆ ಅವನ ಮನೆಗೆ ಓಡಿದಳು.

ಅಜ್ಜನ ಮನೆಯ ಹಿಂಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಮೇಜಿಗೆ ಪ್ಲಾಸ್ಟಿಕ್ ಹಾಸಿ ಲ್ಯಾಡಿ ಕೂತಿದ್ದ. ಮುಂದೆ ಮಾಂಸದ ಗುಡ್ಡೆ, ಎಳೆ ಎಳೆಯಾಗಿ ಬಿಡಿಸಿದ್ದು. ಪಕ್ಕದಲ್ಲಿ, ಮೇವಿನ ಜೊತೆ ತಂತಿ ನುಂಗಿದ ದನದ ಹೊಟ್ಟೆಗೆ ಹಾಕುವ ಅಯಸ್ಕಾಂತ. ಸ್ಟೇನ್‌ಲೆಸ್ ಸ್ಟೀಲಿನ ಆ ಸೂಜಿ ಅಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಮುದುಕ ಬೆರಳಿನಿಂದ ಒಂದೊಂದೇ ಎಳೆಯನ್ನು ತಡವುತ್ತಿದ್ದ. ರಾತ್ರಿ ಮಲಗಿದಂತೆ ಕಾಣಲಿಲ್ಲ. ಅವನನ್ನು ನೋಡಿ ತೆಸ್ಸಾಗೆ ಕೋಪಕ್ಕಿಂತ ಮೊದಲು ಕನಿಕರ ಬಂತು.

"ಸಿಕ್ತಾ ಅಜ್ಜ?"

ಲ್ಯಾಡಿ ಬೆಚ್ಚಲಿಲ್ಲ. "ಇಲ್ಲ. ಪೂರ್ತಿ ನೋಡ್ದೆ. ಇದ್ರಲ್ಲಿಲ್ಲ ಅಂದ್ಮೇಲೆ ಒಳ್ಳೇದೇ ಆಯ್ತು. ಅವತ್ತು ಹುಲ್ಲಲ್ಲೇ ಬಿದ್ದಿರ್ಬೇಕು."

"ಬಿದ್ದಿರ್ಬೇಕಾ? ಸಿಕ್ತು ಅಂದಿದ್ದೆ. ಹಳ್ಳಕ್ಕೆ ಎಸೆದೆ ಅಂದಿದ್ದೆ."

ಲ್ಯಾಡಿ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳನ್ನು ಒರೆಸಿದ.

"ಭುಜದ ಮಾಂಸ ಎಲ್ಲಿದೆ ಅಜ್ಜ?"

ಎಲ್ಲಿದೆ ಎಂದು ಅವಳಿಗೂ ಗೊತ್ತಿತ್ತು. ಭುಜವನ್ನು ಹಿಂದಿನ ದಿನವೇ ಕೆಂಡದ ಗುಂಡಿಗೆ ಇಳಿಸಿದ್ದರು. ಈ ಹೊತ್ತಿಗೆ ಅದನ್ನು ಮೇಲೆತ್ತಿ, ಎಳೆ ಬಿಡಿಸಿ, ಬನ್ನುಗಳಿಗೆ ತುಂಬುತ್ತಿರುತ್ತಾರೆ. ಸೂಜಿ ಕುತ್ತಿಗೆಯಿಂದ ಜರುಗಿದ್ದರೆ ಹೋಗುವುದು ಅಲ್ಲಿಗೇ.

"ಹೇಳಿದ್ರೆ ನಿನ್ನ ಬಿಲ್ಲೆ ಕಿತ್ಕೋತಾರೆ ಪುಟ್ಟಿ."

"ಕಿತ್ಕೊಳ್ಳಲಿ ಬಿಡು."

"ನನ್ನನ್ನ ಯಾರೂ ಇನ್ನು ದನದ ಹತ್ರ ಬಿಟ್ಕೊಳ್ಳಲ್ಲ."

ತೆಸ್ಸಾ ಅವನ ಕೈಯಿಂದ ಬಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಅಂದಳು, "ನೀನೇ ಹೇಳಜ್ಜ. ನೀನು ಹೇಳಿದ್ರೆ ಎಲ್ರೂ ಕೇಳ್ತಾರೆ. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಲ್ಯಾಡಿ ಎದ್ದ. ಗೂಟದಿಂದ ಹ್ಯಾಟು ತೆಗೆದುಕೊಂಡ. "ಗಾಡಿ ಹತ್ತು," ಎಂದ. ತೆಸ್ಸಾಗೆ ಹೋದ ಜೀವ ಬಂದಂತಾಯಿತು. ದಾರಿಯುದ್ದಕ್ಕೂ ಅಜ್ಜ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಜೋಡಿಸಿಕೊಳ್ಳುತ್ತಿದ್ದದ್ದು ನಿಜ. ಯಾವ ಮಾತನ್ನು ಎಂಬುದು ಅವಳಿಗೆ ತಿಳಿಯಲಿಲ್ಲ ಅಷ್ಟೆ.

ಅಗ್ನಿಶಾಮಕ ದಳದ ಶೆಡ್ಡಿನಿಂದ ಗಾಡಿಗಳನ್ನು ಹೊರಗೆ ನಿಲ್ಲಿಸಿ ಉದ್ದುದ್ದ ಮೇಜುಗಳನ್ನು ಹಾಕಿದ್ದರು. ಊಟ ಶುರುವಾಗಿಬಿಟ್ಟಿತ್ತು. ಬಡಿಸುವ ಸಾಲಿನಲ್ಲಿ ಕಾರ್ಲಾ ಇಕ್ಕಳ ಹಿಡಿದು ಬನ್ನಿಗೆ ಮಾಂಸ ತುಂಬಿ ತುಂಬಿ ಕೊಡುತ್ತಿದ್ದಳು. ಆಲೂಗಡ್ಡೆ ಪಲ್ಯ, ಬೇಯಿಸಿದ ಜೋಳ, ಪ್ಲಮ್ ಹಣ್ಣು ತುಂಬಿದ ಕೊಲಾಚೆ ಎಂಬ ಸಿಹಿ ಬನ್ನು. ಒಳಗೆ ಬಂದ ಲ್ಯಾಡಿಯ ಬೆನ್ನು ತಟ್ಟಿದವರೆಷ್ಟೋ. ಅವನು ಬಾಗಿಲ ಪಕ್ಕದಲ್ಲೇ ನಿಂತ. ಮುಂದೆ ಹೆಜ್ಜೆ ಇಡಲಿಲ್ಲ. ತೆಸ್ಸಾ ಅವನ ತೋಳು ಮುಟ್ಟಿದಳು. ಅವನು ಗೋಡೆಯ ಕಡೆಗೆ ನೋಡುತ್ತಿದ್ದ. ಜನ ಅಗಿಯುತ್ತಿದ್ದರು, ನುಂಗುತ್ತಿದ್ದರು, ಇನ್ನೊಂದು ಕೊಡು ಎಂದು ತಟ್ಟೆ ಚಾಚುತ್ತಿದ್ದರು.

"ಅಗೋ ಬಂದ್ಲು ನಮ್ಮ ಚಾಂಪಿಯನ್," ಎಂದು ದಳದ ಮುಖ್ಯಸ್ಥ ರೋಲಂಡ್ ಮೈಕಿನಲ್ಲಿ ಕೂಗಿದ. "ಬಾರಮ್ಮ, ಊಟ ಹಾಕಿಸಿದವಳು ನೀನು. ಎರಡು ಮಾತಾಡು."

ತೆಸ್ಸಾ ಹೋದಳು. ಮೈಕು ತೆಗೆದುಕೊಂಡು ಒಮ್ಮೆ ಅಜ್ಜನ ಕಡೆ ನೋಡಿದಳು.

"ದಯವಿಟ್ಟು ತಿನ್ನೋದು ನಿಲ್ಸಿ," ಎಂದಳು. "ಗಸ್ ಕುತ್ತಿಗೇಲಿ ಜೂನಲ್ಲಿ ಸೂಜಿ ಮುರೀತು. ಅದು ಸಿಕ್ಕಿಲ್ಲ. ಮಾಂಸದಲ್ಲಿ ಇರಬಹುದು. ನನಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ."

ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಯಾರೂ ಅವಳನ್ನು ನೋಡಲಿಲ್ಲ. ಇಂಥ ವಿಷಯದಲ್ಲಿ ನೋಡಬೇಕಾದ ಮುಖ ಯಾವುದೆಂದು ಆ ಊರಿಗೆ ಗೊತ್ತಿತ್ತು. ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಏನ್ ಲ್ಯಾಡಿ ಇದು?" ಎಂದ ರೋಲಂಡ್.

ಲ್ಯಾಡಿ ಹ್ಯಾಟು ತೆಗೆದ. ಮತ್ತೆ ಹಾಕಿಕೊಂಡ.

"ಸೂಜಿ ಮುರಿದದ್ದು ನಿಜ," ಎಂದ, ಎಲ್ಲರಿಗೂ ಕೇಳುವಂತೆ. "ಹುಲ್ಲಲ್ಲಿ ಬಿದ್ದಿತ್ತು. ನಾನೇ ಎತ್ತಿ ಎಸೆದೆ. ಹುಡುಗಿ ನೋಡ್ಲಿಲ್ಲ, ಅದಕ್ಕೇ ತಲೆ ಕೆಡಿಸ್ಕೊಂಡಿದ್ದಾಳೆ."

ಇಡೀ ಶೆಡ್ಡು ಉಸಿರು ಬಿಟ್ಟಿತು. ಯಾರೋ ಕಿಸಕ್ಕೆಂದರು. "ಸ್ಪರ್ಧೆಗೆ ಓದಿ ಓದಿ ತಲೇಲೆಲ್ಲ ಸೂಜಿ ತುಂಬ್ಕೊಂಡಿದೆ ಪಾಪ," ಎಂದು ಹಿಂದಿನ ಮೇಜಿನಿಂದ ಒಬ್ಬ ಛೇಡಿಸಿದ. ನಗು ಹರಡಿತು. ಫೋರ್ಕುಗಳು ಮತ್ತೆ ಆಡತೊಡಗಿದವು.

"ಈ ಕಡೆ ಬಾರೇ," ಎಂದಳು ಕಾರ್ಲಾ, ನಾಚಿಕೆಯಿಂದ ಕೆಂಪಾಗಿ.

"ಅಮ್ಮ, ಬಡಿಸ್ಬೇಡ. ಅಜ್ಜ ಸುಳ್ಳು ಹೇಳ್ತಿದ್ದಾನೆ."

ಆ ಮಾತಿಗೆ ನಗು ನಿಂತಿತು. ಆದರೆ ನಿಂತದ್ದು ಭಯದಿಂದಲ್ಲ, ಅವಳ ಮೇಲಿನ ಸಿಟ್ಟಿನಿಂದ. ದೊಡ್ಡವರನ್ನು, ಅದೂ ಲ್ಯಾಡಿಯನ್ನು, ಊರ ಮುಂದೆ ಹಾಗನ್ನುವುದೇ? ರೋಲಂಡ್ ಅವಳ ಕೈಯಿಂದ ಮೈಕು ತೆಗೆದುಕೊಂಡ. ಬಿಗುವು ಸಡಿಲಿಸಲೆಂದು ತಾನೇ ಒಂದು ತಟ್ಟೆ ಹಿಡಿದು ಲ್ಯಾಡಿಯ ಬಳಿ ಹೋಗಿ, ಹೆಗಲ ಮೇಲೆ ಕೈಹಾಕಿ ಕರೆತಂದು, ಮುಂದಿನ ಮೇಜಿನಲ್ಲಿ ಕೂರಿಸಿದ.

"ತಿನ್ನಪ್ಪ. ನೀನು ತಿಂದ್ರೆ ಎಲ್ಲ ಸರಿಹೋಗುತ್ತೆ."

ಲ್ಯಾಡಿ ಬನ್ನನ್ನು ಎರಡೂ ಕೈಯಲ್ಲಿ ಹಿಡಿದು ಒಂದು ತುತ್ತು ಕಚ್ಚಿದ. ಜನ ಮೆಚ್ಚುಗೆಯಿಂದ ಗೊಣಗಿದರು, ತಂತಮ್ಮ ತಟ್ಟೆಗೆ ತಿರುಗಿದರು. ಅವನ ಎದುರಿಗೆ ಕೂತಿದ್ದ ವಿಲ್ಮಾ ಮಾತ್ರ ನೋಡುತ್ತಲೇ ಇದ್ದಳು. ಅವಳು ಶಾಲೆಯಲ್ಲಿ ಅವನ ಜೊತೆ ಕಲಿತವಳು.

ಲ್ಯಾಡಿ ಅಗಿಯುತ್ತಿದ್ದ. ಅನ್ನದಲ್ಲಿ ಕಲ್ಲು ಸಿಕ್ಕವನು ಮುಂದಿನ ತುತ್ತನ್ನು ಅಗಿಯುವ ಹಾಗೆ, ಮೆಲ್ಲಗೆ, ನಾಲಿಗೆಯಿಂದ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ, ಹಲ್ಲಿನಿಂದ ಅರೆಬರೆ ಒತ್ತಿ, ನಿಲ್ಲಿಸಿ, ಮತ್ತೆ ಒತ್ತಿ. ನುಂಗಲೆಂದು ಗದ್ದ ಎತ್ತಿದ. ನುಂಗಲಿಲ್ಲ. ಮತ್ತೆ ಅಗಿಯಲು ಶುರುಮಾಡಿದ.

ವಿಲ್ಮಾ ತನ್ನ ಬಾಯಲ್ಲಿದ್ದದ್ದನ್ನು ಕಾಗದದ ಕರವಸ್ತ್ರಕ್ಕೆ ಉಗುಳಿದಳು. ಕೈ ಚಾಚಿ ಗಂಡನ ತಟ್ಟೆಯನ್ನು ಎಳೆದುಕೊಂಡಳು. ಅವನು ಏನೋ ಕೇಳಹೋದವನು ಅವಳ ದೃಷ್ಟಿ ಹಿಡಿದು ಲ್ಯಾಡಿಯನ್ನು ನೋಡಿದ, ಸುಮ್ಮನಾದ. ಪಕ್ಕದವರು ನೋಡಿದರು. ಆ ಮೇಜು ಸದ್ದಡಗಿತು, ಆಮೇಲೆ ಅದರ ಹಿಂದಿನದು, ಆಮೇಲೆ ಗೋಡೆಯ ಕಡೆಯದು. ಕಾರ್ಲಾಳ ಇಕ್ಕಳ ಪಾತ್ರೆಯ ಅಂಚಿಗೆ ತಗುಲಿ ನಿಂತಿತು. ಹೊರಗೆ ಹುಲ್ಲಿನ ಮೇಲೆ, ಎಲ್ಲರಿಗಿಂತ ಮೊದಲು ಉಂಡೆದ್ದ ಮಕ್ಕಳು ಓಡಾಡಿ ಆಡುತ್ತಿದ್ದ ಸದ್ದು ಒಳಗೆ ಕೇಳಿಸತೊಡಗಿತು. ಲ್ಯಾಡಿ ತಲೆ ಎತ್ತದೆ ಆ ಮೊದಲ ತುತ್ತನ್ನೇ ಇನ್ನೂ ಅಗಿಯುತ್ತಿದ್ದ.